ಹೊರಮೈಯ ನೀಲಿ

ಅಡುಗೆಮನೆಯ ಕಿಟಕಿ ಗಾಜಿನ ಮೇಲೆ ಒಂದು ಕಲೆ ಕೂತಿತ್ತು. ಬೂದಿ ಮೇಡಂ ಅದನ್ನು ಬೆಳಿಗ್ಗೆ ಎದ್ದಾಗಿನಿಂದ ಉಜ್ಜುತ್ತಲೇ ಇದ್ದರು.

ಒದ್ದೆ ಬಟ್ಟೆಯಲ್ಲಿ ಒರೆಸಿದರು. ಸೋಪಿನ ನೀರು ಹಾಕಿ ತಿಕ್ಕಿದರು. ಹಳೆಯ ಪತ್ರಿಕೆಯ ಹಾಳೆಯನ್ನು ಮುದ್ದೆ ಮಾಡಿಕೊಂಡು ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿದರು. ಕಲೆ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಉಗುರಿನಿಂದ ಕೆರೆಯಲು ಹೋದರೆ ಉಗುರು ನುಣ್ಣಗೆ ಜಾರಿತು. ಅಲ್ಲಿ ಏನೂ ತಾಗಲೇ ಇಲ್ಲ.

“ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ,” ಎಂದು ತಮ್ಮನ್ನು ತಾವೇ ಬೈದುಕೊಂಡರು. “ಆಚೆ ಬದಿ ಇರೋದನ್ನ ಈಚೆಯಿಂದ ಉಜ್ಜಿದ್ರೆ ಹೋಗುತ್ತಾ?”

ಬೆಂಕಿಯ ಮಾತು ಅವರ ಬಾಯಲ್ಲಿ ಬರುವುದು ಸಹಜವೇ. ಕೆಲಸದಲ್ಲಿದ್ದಷ್ಟು ಕಾಲವೂ ಸುಟ್ಟ ಮನೆ, ಸುಟ್ಟ ಗೋದಾಮುಗಳ ಬೂದಿಯನ್ನು ಜರಡಿ ಹಿಡಿದು, ಬೆಂಕಿ ಎಲ್ಲಿ ಹುಟ್ಟಿತು, ಹೇಗೆ ಹುಟ್ಟಿತು ಎಂದು ಸರ್ಕಾರಕ್ಕೆ ಹೇಳಿದವರು. ಅದಕ್ಕೇ ಆ ಹೆಸರು. ಅವರಿಗೆ ನಿವೃತ್ತಿಯಾಯಿತು, ಹೆಸರಿಗೆ ಆಗಲಿಲ್ಲ. ಊರಿನ ಬೆಂಕಿಯನ್ನೆಲ್ಲ ಬಿಡಿಸಿದ ಹೆಂಗಸಿಗೆ ತನ್ನ ಮನೆಗೇ ತಗುಲಿದ ಒಂದು ಬೆಂಕಿ ಮಾತ್ರ ಇನ್ನೂ ಬಿಡಿಸಲು ಬಂದಿರಲಿಲ್ಲ. ಆ ಬೆಂಕಿಗೆ ಅವರ ಒಡಹುಟ್ಟಿದ ತಮ್ಮ ಜೈಲಿನಲ್ಲಿ ಕೂತಿದ್ದ.

ಬಟ್ಟೆ ಹಿಡಿದುಕೊಂಡು ಹಿತ್ತಲಿಗೆ ಹೋದರು. ಹೊರಗಿನಿಂದ ಒಮ್ಮೆ ಒರೆಸಿದ್ದೇ ತಡ, ಕಲೆ ಮಾಯ. ಇಷ್ಟಕ್ಕೆ ಇಷ್ಟು ಹೊತ್ತು ಎಂದುಕೊಂಡು ತಿರುಗಿದವರು ಪಕ್ಕದ ಕಿಟಕಿಯ ಮುಂದೆ ಹಾಗೆಯೇ ನಿಂತುಬಿಟ್ಟರು.

ಅದು ಯಜಮಾನರ ಬಣ್ಣದ ಕೋಣೆಯ ಕಿಟಕಿ. ಅಂಗಡಿಗಳಿಗೆ ಬೋರ್ಡು ಬರೆದು ಬದುಕಿದ ಮನುಷ್ಯ ಅವರು. ಈಗ ಬೋರ್ಡುಗಳನ್ನೆಲ್ಲ ಯಂತ್ರ ಮುದ್ರಿಸುತ್ತದೆ. ಅವರ ಕುಂಚಕ್ಕೆ ಉಳಿದಿದ್ದು ರೇಸಿನ ಕ್ಲಬ್ಬಿನವರ ಪುಟ್ಟ ಲಾರಿಗಳು ಮಾತ್ರ.

ಆಟಿಕೆ ಎಂದರೆ ಆ ಕ್ಲಬ್ಬಿನವರು ಕೆಂಡವಾಗುತ್ತಿದ್ದರು. ಮೊಳದುದ್ದದ ಲಾರಿ, ದಪ್ಪ ಚಕ್ರ, ಮುಂದೆ ಹಿಂದೆ ಅಗಲ ಬಂಪರು, ಹೊಟ್ಟೆಯಲ್ಲಿ ವಿದ್ಯುತ್ ಮೋಟಾರು. ಹಳೆಯ ಗೋದಾಮಿನೊಳಗೆ ಮಣ್ಣು ಸುರಿದು, ದಿಬ್ಬ ಕಟ್ಟಿ, ಅಟ್ಟಣೆಯ ಮೇಲೆ ನಿಂತು ರೇಡಿಯೊ ರಿಮೋಟಿನಲ್ಲಿ ಓಡಿಸುತ್ತಿದ್ದರು. ಒಳಗಿನ ಯಂತ್ರವೆಲ್ಲ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ. ಮೇಲೆ ಕೂರಿಸುವ ಪ್ಲಾಸ್ಟಿಕ್ ಷೆಲ್ಲೇ ಲಾರಿಯ ಮುಖ. ಬಣ್ಣ ಮತ್ತು ಅಂಕಿ ನೋಡಿ ಇದು ಇಂಥವನ ಗಾಡಿ ಎನ್ನಬೇಕು.

ಯಜಮಾನರ ಕೋಣೆಯಲ್ಲಿ ಷೆಲ್ಲುಗಳು ಸಾಲಾಗಿ ಮೊಳೆಗೆ ತೂಗುತ್ತಿದ್ದವು. ಬೆಳಗಿನ ಬಿಸಿಲು ಓರೆಯಾಗಿ ಬಿದ್ದು ಕೆಂಪು, ಹಳದಿ, ಹಸಿರು ಎಲ್ಲವೂ ಗಾಜಿನ ಬಳೆಗಳಂತೆ ಹೊಳೆಯುತ್ತಿದ್ದವು.

ಒಂದು ಬಿಟ್ಟು.

ಎಲ್ಲಕ್ಕಿಂತ ಮೇಲಿನ ಮೊಳೆಯಲ್ಲಿದ್ದ ನೀಲಿ ಷೆಲ್ಲು ಹೊಳೆಯುತ್ತಿರಲಿಲ್ಲ. ಗೋಡೆಗೆ ಬಳಿದಂತೆ ಮಂಕಾಗಿತ್ತು. ಕಣ್ಣು ಕಿರಿದು ಮಾಡಿ ನೋಡಿದರೆ ಕುಂಚದ ಕೂದಲಿನ ಗೆರೆಗಳೂ ಕಾಣುತ್ತಿದ್ದವು.

ಬೂದಿ ಮೇಡಂ ಕೈಯಲ್ಲಿದ್ದ ಬಟ್ಟೆಯಿಂದ ನೀರು ತೊಟ್ಟಿಕ್ಕಿ ಚಪ್ಪಲಿಯ ಮೇಲೆ ಬೀಳುತ್ತಿತ್ತು. ಅವರಿಗೆ ಅದು ಗೊತ್ತಾಗಲಿಲ್ಲ.

ಷೆಲ್ಲಿಗೆ ಬಣ್ಣ ಹೊಡೆಯುವುದು ಒಳಬದಿಗೆ. ಪ್ಲಾಸ್ಟಿಕ್ಕು ನೀರಿನಷ್ಟು ತಿಳಿಯಾಗಿರುತ್ತದೆ. ಬಣ್ಣ ಅದರ ಅಡಿಯಲ್ಲಿ ಕೂತು ಹೊರಗೆ ಮಿಂಚುತ್ತದೆ. ಅಂಕಿಯನ್ನೂ ಒಳಗಿನಿಂದಲೇ, ತಿರುಗುಮುರುಗಾಗಿ ಬರೆಯಬೇಕು. ಹೊರಗೆ ಬಳಿದರೆ ಮೊದಲ ಪಲ್ಟಿಗೇ ಮಣ್ಣಿಗೆ ಉಜ್ಜಿ ಕಿತ್ತುಹೋಗುತ್ತದೆ. ಹೊಸಬರು ಗೊತ್ತಿಲ್ಲದೆ ಹೊರಗೆ ಬಳಿದು ತಂದರೆ ಯಜಮಾನರು ಇಡೀ ಬೀದಿಗೆ ಕೇಳುವ ಹಾಗೆ ಗದರುತ್ತಿದ್ದರು: “ಒಳಗೆ ಕಣ್ರಯ್ಯಾ, ಒಳಗೆ! ಹೊರಗೆ ಬಳಿಯೋಕೆ ಇದೇನು ಕಾಂಪೌಂಡ್ ಗೋಡೆಯಾ?”

ಆ ಮನುಷ್ಯನೇ ಹೊರಗೆ ಬಳಿದಿದ್ದಾರೆ. ಯಾಕೆ?

ಒಳಗೆ ಆಗಲೇ ಬೇರೆ ಬಣ್ಣ ಇದ್ದರೆ ಮಾತ್ರ.

*

ಬಣ್ಣದ ಕೋಣೆಯಲ್ಲಿ ಟರ್ಪೆಂಟೈನ್ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಯಜಮಾನರು ಇರಲಿಲ್ಲ, ಹಜಾರದಲ್ಲಿ ಮಗನೊಂದಿಗೆ ಏನೋ ಮಾತಾಡುತ್ತಿದ್ದ ದನಿ ಕೇಳುತ್ತಿತ್ತು. ಸ್ಟೂಲು ಎಳೆದು ಹತ್ತಿದರು. ಮಂಡಿ ಕಟಕಟ ಎಂದಿತು. ನೀಲಿ ಷೆಲ್ಲನ್ನು ಮೊಳೆಯಿಂದ ತೆಗೆದು ಕಿಟಕಿಯ ಬೆಳಕಿಗೆ ತಂದರು.

ಒಳಬದಿಯನ್ನು ತಿರುಗಿಸಿ ನೋಡಿದರು. ಬರೀ ಬಿಳಿ. ಕಿತ್ತಳೆಯಂಥ ಎದ್ದು ಕಾಣುವ ಬಣ್ಣಕ್ಕೆ ಹಿಂದಿನಿಂದ ಬಿಳಿ ಹೊಡೆಯುತ್ತಾರೆ, ಇಲ್ಲದಿದ್ದರೆ ಬಣ್ಣ ಸತ್ತಂತೆ ಕಾಣುತ್ತದೆ. ಇಂಥ ಕಡು ನೀಲಿಗೆ ಬಿಳಿಯ ಹಂಗೇ ಇಲ್ಲ.

ಎರಡೂ ಕೈಯಲ್ಲಿ ಹಿಡಿದು ಷೆಲ್ಲನ್ನು ಮೆಲ್ಲಗೆ ಬಗ್ಗಿಸಿದರು.

ಬೋರ್ಡಿನ ಬಣ್ಣಕ್ಕೆ ಬಾಗುವುದು ಗೊತ್ತಿಲ್ಲ. ಚಟಚಟನೆ ಸೀಳಿತು. ನೀಲಿಯ ಹಕ್ಕಳೆಗಳು ಎದ್ದು ಕಿಟಕಿಯ ಕಟ್ಟೆಯ ಮೇಲೆ ಉದುರಿದವು. ಎದ್ದ ಜಾಗಕ್ಕೆ ಉಗುರು ಹಾಕಿ ಕೆರೆದರು.

ಕಿತ್ತಳೆ ಬಣ್ಣ.

ಇನ್ನಷ್ಟು ಕೆರೆದರು. ಲಾರಿಯ ಬಾಗಿಲಿನ ಮೇಲೆ ಬಿಳಿ ಅಂಕಿ ಹೊರಬಂತು. ಮೂವತ್ತೊಂದು.

ಅವರ ತಮ್ಮ ಬಸ್ ಡ್ರೈವರು. ಮೂವತ್ತೊಂದು ಅವನು ಓಡಿಸುತ್ತಿದ್ದ ಬಸ್ಸಿನ ನಂಬರು. ವಾರವೆಲ್ಲ ದೊಡ್ಡ ಮೂವತ್ತೊಂದು, ರಜೆಯ ದಿನ ಕ್ಲಬ್ಬಿನಲ್ಲಿ ಸಣ್ಣ ಮೂವತ್ತೊಂದು ಎಂದು ನಗಿಸುತ್ತಿದ್ದ.

ಛಾವಣಿಯ ಬಲಮೂಲೆಯ ನೀಲಿಯನ್ನೂ ಬಿಡಿಸಿದರು. ಅಲ್ಲಿ ಬೆರಳುದ್ದದ ಸೀಳು, ಒಳಗಿನಿಂದ ಬಲೆಯಂಥ ಪಟ್ಟಿ ಅಂಟಿಸಿ, ಅದರ ಮೇಲೂ ಬಿಳಿ ಬಳಿದು ರಿಪೇರಿ ಮಾಡಿದ ಗುರುತು.

ಬೂದಿ ಮೇಡಂ ಷೆಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತರು.

ಇದೇ ಸೀಳಿನ ಕಥೆಯನ್ನು ತಮ್ಮ ಪೊಲೀಸರಿಗೆ ಹೇಳಿದ್ದ. “ಬೆಳಿಗ್ಗೆ ಅಭ್ಯಾಸದಲ್ಲಿ ಲಾರಿ ಪಲ್ಟಿ ಹೊಡೆದು ಛಾವಣಿ ಸೀಳ್ತು. ಷೆಲ್ಲನ್ನ ಭಾವನ ಕೈಗೆ ಕೊಟ್ಟೆ, ರಿಪೇರಿಗೆ ಅಂತ ಅವರು ಮನೆಗೆ ತಗೊಂಡು ಹೋದ್ರು. ಬ್ಯಾಟರಿ ಕೋಣೆಯಲ್ಲಿ ಸುಟ್ಟಿದ್ದು ನಂದಲ್ಲ.”

ಆ ದಿನ ಮಧ್ಯಾಹ್ನ ಕ್ಲಬ್ಬಿನ ಬ್ಯಾಟರಿ ಕೋಣೆಯಲ್ಲಿ ಅಳತೆ ಮೀರಿ ಚಾರ್ಜು ತುಂಬಿದ ಬ್ಯಾಟರಿಯೊಂದು ಉಬ್ಬಿ, ಒಡೆದು, ಹೊತ್ತಿಕೊಂಡಿತ್ತು. ಒಳಗೆ ಮೂಲೆಯ ಬೆಂಚಿನ ಮೇಲೆ ಗೋದಾಮಿನ ಕಾವಲುಗಾರ ಅಜ್ಜ ಊಟ ಮಾಡಿ ಮಲಗಿದ್ದ. ಹೊಗೆಯಲ್ಲಿ ಎದ್ದು ಬಾಗಿಲವರೆಗೂ ಬಂದಿದ್ದ. ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದಿತ್ತು. ಬೇಜವಾಬ್ದಾರಿ ಎನಿಸಿಕೊಳ್ಳಬೇಕಾಗಿದ್ದ ಕೇಸು ಆ ಚಿಲಕದಿಂದಾಗಿ ಕೊಲೆಯಾಯಿತು. ಚಾರ್ಜರಿನ ಪಕ್ಕ ಸಿಕ್ಕಿದ್ದು ಸುರುಟಿಹೋದ ಕಿತ್ತಳೆ ಷೆಲ್ಲಿನ ತುಂಡು, ಮೇಲೆ ಮೂವತ್ತೊಂದು. ಅಂದು ಬೆಳಿಗ್ಗೆ ಕೆಸರುಕಾಲಿನ ವಿಷಯಕ್ಕೆ ಅಜ್ಜನಿಗೂ ಡ್ರೈವರಿಗೂ ಜಗಳವಾಗಿದ್ದನ್ನು ಎಲ್ಲರೂ ಕೇಳಿದ್ದರು.

ಪೊಲೀಸರು ಪೇಂಟರನ್ನು ಕರೆಸಿದರು. ಯಜಮಾನರು ಆ ತುಂಡನ್ನು ತಿರುಗಿಸಿ ನೋಡಿ ಹೇಳಿದ್ದು ಇಷ್ಟೇ: “ಇದು ನನ್ನ ಕೈಕೆಲಸ. ನನಗೆ ಯಾರೂ ರಿಪೇರಿಗೆ ಏನೂ ಕೊಟ್ಟಿಲ್ಲ.”

ತಮ್ಮನ ಮಾತೋ, ಗಂಡನ ಮಾತೋ? ಬೂದಿ ಮೇಡಂ ಗಂಡನ ಮಾತನ್ನು ನಂಬಿದ್ದರು.

*

“ಅದಿನ್ನೂ ಒಣಗಿಲ್ಲ. ಮುಟ್ಟಬೇಡ.”

ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಕಾಫಿ ಲೋಟ.

“ಬೇಸಿಗೆ ಪೂರ್ತಿ ಒಣಗ್ತಾ ಇದೆಯಾ?” ಎಂದರು ಬೂದಿ ಮೇಡಂ. “ಇದೇನು ಬಣ್ಣಾನೋ, ಉಪ್ಪಿನಕಾಯಿನೋ?”

ಯಜಮಾನರು ಕಟ್ಟೆಯ ಮೇಲಿನ ನೀಲಿ ಹಕ್ಕಳೆಗಳನ್ನು ನೋಡಿದರು. ಲೋಟ ಕೆಳಗಿಡಲು ಜಾಗ ಹುಡುಕಿದರು. ಸಿಗಲಿಲ್ಲ. ಹಿಡಿದುಕೊಂಡೇ ನಿಂತರು.

“ಬಾಗಿಲು ಹಾಕಿ ಬನ್ನಿ.”

“ಏನಿದೆ ಅಂತ ಬಾಗಿಲು ಹಾಕ್ಬೇಕು?”

“ಮಗ ಹಜಾರದಲ್ಲಿದ್ದಾನಲ್ಲ. ಕೇಳಿಸ್ಕೊಳ್ಲಿ ಅಂದ್ರೆ ತೆಗೆದೇ ಇಡಿ.”

ಯಜಮಾನರು ಬಾಗಿಲು ಹಾಕಿದರು. ಆ ಬಾಗಿಲು ಮುಚ್ಚಿದ ರೀತಿಯಲ್ಲೇ ಬೂದಿ ಮೇಡಂಗೆ ಅರ್ಧ ಉತ್ತರ ಸಿಕ್ಕಿತು. ಆದರೂ ದನಿ ಏರಿಸಲಿಲ್ಲ. ಎಷ್ಟೋ ಸುಟ್ಟ ಮನೆಗಳ ಯಜಮಾನರನ್ನು ಹೀಗೆ ಎದುರು ಕೂರಿಸಿಕೊಂಡು ಕೇಳಿದ್ದರು. ಈ ಮನೆಯೂ ಸುಟ್ಟಿದ್ದೇ ಎಂದುಕೊಂಡರು.

“ಮೂವತ್ತೊಂದನ್ನ ಎಷ್ಟು ಸಲ ಬರೆದ್ರಿ?”

“ಒಂದ್ಸಲ.”

“ರೀ, ಒಂದು ನನ್ನ ತೊಡೆ ಮೇಲಿದೆ. ಇನ್ನೊಂದು ಕೋರ್ಟಿನ ಕಪಾಟಲ್ಲಿದೆ. ಒಂದೇ ಸಲ ಬರೆದಿದ್ದು ಮರಿ ಹಾಕ್ತಾ?”

“ನಿನ್ನ ತಮ್ಮನೇ ಎರಡು ಮಾಡಿಸ್ಕೊಂಡಿದ್ದ. ಒಂದು ಕೆಟ್ರೆ ಒಂದು ಇರಲಿ ಅಂತ.”

“ಸರಿ. ಹಾಗಾದ್ರೆ ಅದನ್ನ ಪೊಲೀಸರಿಗೆ ಯಾಕೆ ಹೇಳ್ಲಿಲ್ಲ? ಎರಡಿದೆ ಅಂದಿದ್ರೆ ನಿಮಗೇನು ಹೋಗ್ತಿತ್ತು? ಕೊಟ್ಟೇ ಇಲ್ಲ ಅಂದ್ರಲ್ಲ. ಮನೆಗೆ ಬಂದು ಮೇಲೆ ನೀಲಿ ಬಳಿದ್ರಲ್ಲ. ಅದೂ ಹೊರಗೆ! ಕುಂಚ ಹಿಡಿದ ಕೈ ನಡುಗ್ಲಿಲ್ವಾ?”

ಯಜಮಾನರ ಕೈಯಲ್ಲಿದ್ದ ಕಾಫಿಯ ಮೇಲೆ ಕೆನೆ ಕಟ್ಟತೊಡಗಿತ್ತು.

“ನಿಮಗೆ ಮುಚ್ಚಿಡೋಕೆ ಬರಲ್ಲ,” ಎಂದರು ಬೂದಿ ಮೇಡಂ. “ಒಂದು ಸೀರೆ, ಒಂದು ಬಟ್ಟೆ ತಂದ್ರೂ ಬಾಗಿಲಲ್ಲೇ ಬೆಲೆ ಸಮೇತ ಹೇಳಿಬಿಡೋರು. ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ರಿ ಅಂದ್ರೆ ಅದು ನಿಮಗೋಸ್ಕರ ಅಲ್ಲ. ಯಾರಿಗೋಸ್ಕರ?”

“ಬಿಟ್ಬಿಡು.”

“ಎರಡನೇದನ್ನ ಮಾಡ್ಸಿದ್ದು ಯಾರು?”

“ನಿನ್ನ ಕಾಲಿಗೆ ಬೀಳ್ತೀನಿ, ಬಿಟ್ಬಿಡು.”

ಆಗ ಹಜಾರದಿಂದ ಕೀಂ, ಕೀಂ ಎಂದು ಚಾರ್ಜರು ಕೂಗಿತು. ಬ್ಯಾಟರಿ ತುಂಬಿತು ಎಂಬ ಸೂಚನೆ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಆ ಕಡೆ ತಿರುಗಿದರು, ಒಟ್ಟಿಗೇ ಮುಖ ಹೊರಳಿಸಿಕೊಂಡರು.

ಹೆಸರು ಹೇಳುವ ಅಗತ್ಯವೇ ಬೀಳಲಿಲ್ಲ.

ಮಗ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಸೋದರಮಾವನೇ ಕೈಹಿಡಿದು ರೇಸಿಗೆ ಕರೆದೊಯ್ದಿದ್ದ. ಮಾವ ಮೊದಲು, ಅಳಿಯ ಎರಡನೆಯವನು. ಎಷ್ಟು ವರ್ಷವಾದರೂ ಆ ಸಾಲು ಬದಲಾಗಲಿಲ್ಲ. ಕ್ಲಬ್ಬಿನವರು ಅವನಿಗೆ ಸೆಕೆಂಡ್ ಸಾಹೇಬ ಎಂದೇ ಹೆಸರಿಟ್ಟಿದ್ದರು. ಅವನೂ ನಗುತ್ತಿದ್ದ. ಹಲ್ಲು ಕಚ್ಚಿಕೊಂಡು ನಗುವವನನ್ನು ಹೆತ್ತ ತಾಯಿ ಗುರುತಿಸಬೇಕಿತ್ತು. ಅವರು ಬೂದಿಯಲ್ಲಿ ಹುಡುಕುತ್ತಿದ್ದರು.

“ಯಾವಾಗ ಕೇಳಿದ?” ಎಂದರು.

“ರೇಸಿಗೆ ಸ್ವಲ್ಪ ದಿನ ಮುಂಚೆ. ‘ಅಪ್ಪ, ಮಾವಂಗೆ ಗೊತ್ತಾಗ್ದಂಗೆ ಇನ್ನೊಂದು ಮೂವತ್ತೊಂದು ಮಾಡ್ಕೊಡು, ಉಡುಗೊರೆ ಕೊಡ್ತೀನಿ’ ಅಂದ. ನಾನೂ ಖುಷಿಯಿಂದ ಮಾಡ್ದೆ. ಒಂದು ಗೆರೆ ಆಚೀಚೆ ಆಗ್ದಂಗೆ ಮಾಡ್ದೆ ಕಣೇ.” ಯಜಮಾನರ ಕಣ್ಣಲ್ಲಿ ನೀರಿತ್ತು, ಆದರೂ ಆ ಕೊನೆಯ ಮಾತಿನಲ್ಲಿ ಒಂದು ಚೂರು ಹೆಮ್ಮೆ ಇಣುಕಿ ಹೋಯಿತು. “ಪೊಲೀಸಿನೋರು ಆ ತುಂಡು ತೋರಿಸಿದಾಗ, ಡ್ರೈವರದ್ದು ಮನೇಲಿದೆಯಲ್ಲ, ಇದು ಯಾವುದು ಅಂತ ಒಂದು ಗಳಿಗೆ ತಲೆ ತಿರುಗ್ತು. ಆಮೇಲೆ ತಿಳೀತು.”

“ಮಗನ್ನ ಕೇಳಿದ್ರಾ?”

“ಇಲ್ಲ. ಅವನೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಒಂದೇ ಮೇಜಿನ ಮೇಲೆ ಊಟ ಮಾಡ್ಕೊಂಡು ಬಂದ್ವಿ. ಉಪ್ಪು ಕೊಡು ಅಂದ್ರೆ ಕೊಡ್ತಾನೆ.”

“ಇದನ್ನ ಯಾಕೆ ಸುಟ್ಟು ಹಾಕ್ಲಿಲ್ಲ?”

ಯಜಮಾನರು ಷೆಲ್ಲಿನ ಮೇಲೆ ಹೊರಬಂದಿದ್ದ ಕಿತ್ತಳೆಯನ್ನು ಬೆರಳ ತುದಿಯಿಂದ ಮುಟ್ಟಿದರು. “ಕೈ ಬರ್ಲಿಲ್ಲ,” ಎಂದರು. “ಅವನು ಒಳ್ಳೇ ಮನುಷ್ಯ ಕಣೇ.”

“ಒಳ್ಳೇ ಮನುಷ್ಯನ್ನ ಜೈಲಲ್ಲಿಟ್ಟು, ಅವನ ಷೆಲ್ಲನ್ನ ಮೊಳೆಗೆ ನೇತುಹಾಕಿದ್ರಿ,” ಎಂದರು ಬೂದಿ ಮೇಡಂ. “ಎರಡಕ್ಕೂ ಧೂಳು ಹಿಡೀದಂಗೆ ನೋಡ್ಕೊಂಡ್ರಿ. ಭಾಳ ಉಪಕಾರ ಆಯ್ತು.”

*

ಅವರ ಮೇಜಿನ ಡ್ರಾಯರಿನಲ್ಲಿ, ಹಳೆಯ ಜರಡಿಯ ಅಡಿಯಲ್ಲಿ, ಒಂದು ಲಕೋಟೆ ಇತ್ತು. ವಿಳಾಸ ಬರೆದು ಅಂಚೆಚೀಟಿ ಹಚ್ಚಿ ಎಷ್ಟೋ ಕಾಲವಾಗಿತ್ತು. ಬಾಯಿ ಅಂಟಿಸಿರಲಿಲ್ಲ, ಡಬ್ಬಿಗೆ ಹಾಕಿರಲಿಲ್ಲ.

ಜೈಲಿಗೆ ಹೋದ ಮೇಲೆ ತಮ್ಮ ಯಾರನ್ನೂ ನೋಡಲು ಒಪ್ಪಲಿಲ್ಲ. ವಕೀಲರ ಬಾಯಲ್ಲಿ ಒಂದು ಮಾತು ಕಳಿಸಿದ್ದ. “ಅಕ್ಕ ನಂಬ್ತಾಳಾ ಕೇಳಿ. ನಂಬ್ತೀನಿ ಅಂತ ಅವಳ ಕೈಬರಹದಲ್ಲಿ ಒಂದು ಸಾಲು ಬಂದ್ರೆ ಹೋರಾಡ್ತೀನಿ. ಇಲ್ದಿದ್ರೆ ನಾನೇ ಮಾಡ್ದೆ ಅಂತ ಒಪ್ಕೊಂಡು ಮುಗಿಸ್ತೀನಿ. ಅವಳೇ ನಂಬ್ದಿದ್ಮೇಲೆ ಜಡ್ಜು ನಂಬಿ ಏನಾಗ್ಬೇಕು?”

ಅಂದೇ ಕೂತು ಬರೆದಿದ್ದರು: ‘ನಿನ್ನನ್ನು ನಂಬುತ್ತೇನೆ. ಒಪ್ಪಿಕೊಳ್ಳಬೇಡ. – ಅಕ್ಕ.’ ಬರೆದು ಓದಿಕೊಂಡರೆ ಅದು ಸುಳ್ಳಾಗಿ ಕಂಡಿತು. ಕಣ್ಣಾರೆ ನೋಡಿದ ಪುರಾವೆಗೆ ವಿರುದ್ಧವಾಗಿ ಬದುಕಿನಲ್ಲಿ ಒಂದು ಸಾಲೂ ಬರೆಯದಿದ್ದ ಕೈ ಅದು. ಪುರಾವೆ ಸಿಗಲಿ, ಆಮೇಲೆ ಹಾಕೋಣ ಎಂದು ಒಳಗಿಟ್ಟರು. ತಮ್ಮ ಕಾಯುತ್ತಿದ್ದ. ವಿಚಾರಣೆ ಬರುವ ಮಂಗಳವಾರ. ಇಂದಿನ ಟಪಾಲು ತಪ್ಪಿದರೆ ಕಾಗದ ಅದರೊಳಗೆ ಅವನ ಕೈ ಸೇರುವುದಿಲ್ಲ. ಕಾಗದ ಬರದಿದ್ದರೆ ಅವನು ಒಪ್ಪಿಕೊಳ್ಳುತ್ತಾನೆ.

ಬೂದಿ ಮೇಡಂ ಕಾಗದವನ್ನು ಹೊರತೆಗೆದು ಬಿಡಿಸಿದರು. ಪೆನ್ನು ತೆಗೆದುಕೊಂಡರು.

“ಏನು ಬರೀತಿದ್ದೀಯ?” ಹಿಂದೆಯೇ ಬಂದಿದ್ದ ಯಜಮಾನರ ದನಿ ಒಡೆದಿತ್ತು.

“ನೋಡಿ, ನಿಮ್ಮ ಮುಂದೇನೇ ಬರೀತೀನಿ. ಮುಚ್ಚಿ ಬರೆಯೋದು ನಿಮ್ಮ ಕಸುಬು.”

ಹಳೆಯ ಸಾಲಿನ ಕೆಳಗೆ ಹೊಸ ಸಾಲು ಬರೆದರು: ‘ನಿನ್ನ ಷೆಲ್ಲು ನನ್ನ ಬಳಿ ಇದೆ, ಛಾವಣಿಯ ಸೀಳಿನ ಸಮೇತ. ಸುಟ್ಟಿದ್ದು ಬೇರೆಯದು. ಅದನ್ನು ಮಾಡಿಸಿದವನು ನನ್ನ ಮಗ.’

“ಅಲ್ಲಿ ಕಾಗದಾನೆಲ್ಲ ಒಡೆದು ಓದಿಯೇ ಕೊಡೋದು,” ಎಂದರು ಯಜಮಾನರು.

“ಓದ್ಲಿ ಅಂತಲೇ ಬರೆದಿದ್ದು.”

“ಚಿಲಕ ಹಾಕಿದ್ದೂ ಅವನ ತಲೆಗೇ ಬರುತ್ತೆ. ಕೊಲೆ ಕೇಸು ಕಣೇ ಅದು. ಇರೋನೊಬ್ಬ ಮಗ.”

“ನನಗೂ ಇರೋನೊಬ್ಬ ತಮ್ಮ.”

ಯಜಮಾನರು ಗೋಡೆಗೊರಗಿ ನಿಂತರು. ಬೂದಿ ಮೇಡಂ ಲಕೋಟೆಯ ಅಂಚಿಗೆ ನಾಲಿಗೆ ತಾಗಿಸಿದರು. ಬಾಯೆಲ್ಲ ಕಹಿಯಾಯಿತು. ಗೋಂದಿನದೇ ಇರಬೇಕು.

*

ಹಜಾರದಲ್ಲಿ ಮಗ ರೇಸಿಗೆ ಸಿದ್ಧವಾಗುತ್ತಿದ್ದ. ಬೆಂಕಿಯ ನಂತರ ಕ್ಲಬ್ಬು ಮತ್ತೆ ತೆರೆಯುವ ದಿನ ಇಂದೇ. ಅಜ್ಜನ ನೆನಪಿಗೆಂದು ಒಂದು ಟ್ರೋಫಿ ಬೇರೆ ಇಟ್ಟಿದ್ದರು. ತುಂಬಿದ ಬ್ಯಾಟರಿಯನ್ನು ಬೆಂಕಿ ತಾಗದ ದಪ್ಪ ಚೀಲಕ್ಕೆ ಇಳಿಸುತ್ತಿದ್ದ. ಮಗು ಮಲಗಿಸುವಷ್ಟು ಮೆತ್ತಗೆ.

“ಅಮ್ಮ, ಕಾಗದ ಹಾಕೋದಿತ್ತಾ? ಕೊಡು, ಡಾಕ್ಟ್ರ ಕಾರಲ್ಲಿ ಹೋಗ್ತೀನಿ, ದಾರೀಲಿ ಹಾಕ್ತೀನಿ.”

ಡಾಕ್ಟ್ರು ಎಂದರೆ ಹಲ್ಲಿನ ಡಾಕ್ಟರು, ಕ್ಲಬ್ಬಿನ ಕಾರ್ಯದರ್ಶಿ. ಚಿಲಕ ಬಿದ್ದಿದ್ದನ್ನು ಮೊದಲು ನೋಡಿ ಪೊಲೀಸರಿಗೆ ಹೇಳಿದವರೂ ಅವರೇ.

“ಬೇಡ,” ಎಂದರು ಬೂದಿ ಮೇಡಂ. “ನಾನೇ ಹಾಕ್ತೀನಿ. ನೀನೂ ಬಾ, ಮೂಲೆ ತನಕ.”

ಅಂಚೆ ಡಬ್ಬಿ ಬೀದಿಯ ತಿರುವಿನಲ್ಲಿ, ಬೀಗದ ಅಂಗಡಿಯ ಪಕ್ಕ ಇತ್ತು. ಇಬ್ಬರೂ ನೆರಳಿರುವ ಬದಿ ಹಿಡಿದು ನಡೆದರು. ಮಗ ಒಂದು ಹೆಜ್ಜೆ ಹಿಂದೆ ಬರುತ್ತಿದ್ದ. ಅಲ್ಲೂ ಎರಡನೆಯವನೇ.

“ಅಮ್ಮ.”

“ಹ್ಞೂಂ.”

“ನಿನ್ನ ಉಗುರಲ್ಲಿ ನೀಲಿ.”

ಬೂದಿ ಮೇಡಂ ನಿಲ್ಲಲಿಲ್ಲ. ಮಗನೂ ನಿಲ್ಲಲಿಲ್ಲ. ಬೀಗದ ಅಂಗಡಿಯವನು ಕೀಲಿಕೈಯನ್ನು ಅರದಿಂದ ಉಜ್ಜುತ್ತಿದ್ದ ಕರಕರ ಸದ್ದು ಹತ್ತಿರವಾಯಿತು.

“ಅಪ್ಪ ಆ ನೀಲಿ ಬಳಿಯೋವಾಗ ನಾನು ನೋಡಿದ್ದೆ,” ಎಂದ ಮಗ. “ಹೊರಗೆ ಬಳೀತಾ ಇದ್ರು. ಆವತ್ತೇ ಗೊತ್ತಾಯ್ತು, ಅಪ್ಪಂಗೆ ಗೊತ್ತಾಗಿದೆ ಅಂತ.”

“ಹೇಳು.”

“ಸಾಯಿಸಬೇಕು ಅಂತ ಅಲ್ಲಮ್ಮ. ರೇಸಿಗೆ ಮುಂಚೆ ಬ್ಯಾಟರಿಗೆ ಮೀಟ್ರು ಹಿಡೀತಾರಲ್ಲ? ಹೇಳಿದ್ದಕ್ಕಿಂತ ಒಂದು ಕೂದಲಷ್ಟು ಜಾಸ್ತಿ ಇದ್ರೂ ಗಾಡಿ ಹೊರಗೆ. ಜಾಸ್ತಿ ತುಂಬಿಸಿದ ಬ್ಯಾಟರೀನ ಇನ್ನೊಂದು ಮೂವತ್ತೊಂದರೊಳಗೆ ಹಾಕಿ ತಪಾಸಣೆ ಮೇಜಿನ ಮೇಲೆ ಇಟ್ಬಿಡೋಣ ಅಂತ. ಮೇಜಲ್ಲಿ ಬಣ್ಣ, ನಂಬರು ನೋಡ್ತಾರೆ ಅಷ್ಟೇ. ಮಾವ ಮೋಸ ಮಾಡ್ದ ಅಂತ ಎಲ್ಲರ ಮುಂದೆ ಒಂದ್ಸಲ ಆಗ್ಲಿ, ಒಂದೇ ಒಂದ್ಸಲ ಅಂತ.”

“ಅವನು ನಿಂಗೆ ರಿಮೋಟು ಹಿಡಿಯೋದು ಕಲಿಸಿದೋನು.”

“ಗೊತ್ತು.”

“ಮುಂದೆ ಹೇಳು.”

“ಚಾರ್ಜಿಗೆ ಹಾಕಿ, ನನ್ನ ಓಟ ಓಡಿ, ತಕ್ಷಣ ಬಂದು ತೆಗೆಯೋದು ಅಂತ ಲೆಕ್ಕ. ಓಟ ಮುಗೀತು. ಆಗ ನೆನಪಾಯ್ತು.” ಮಗನ ದನಿ ತಗ್ಗಿತು. “ಓಡಿದೋರು ಮುಂದಿನ ಓಟಕ್ಕೆ ಕಣದಲ್ಲಿ ನಿಲ್ಬೇಕಲ್ಲಮ್ಮ, ಬಿದ್ದ ಗಾಡಿಗಳನ್ನ ಎತ್ತಿ ನಿಲ್ಲಿಸೋಕೆ. ಅದು ಮರೆತೇ ಹೋಗಿತ್ತು. ನಿಲ್ಲದೆ ಹೋದ್ರೆ ನಾನು ಓಡಿದ್ದೂ ರದ್ದಾಗುತ್ತೆ. ಆವತ್ತು ಮೊದಲನೇ ಸಲ ಮೊದಲು ಬಂದಿದ್ದೆ.”

“ನಿಂತ್ಯಾ?”

“ನಿಂತೆ. ಬೇರೆಯೋರ ಗಾಡಿ ಎತ್ತಿ ನಿಲ್ಲಿಸ್ತಾ ಇದ್ದೆ. ಹೊಗೆ ವಾಸನೆ ಬಂತು. ಮೋಟರ್ ಕಾದಿರಬೇಕು ಅಂತ ನನಗೆ ನಾನೇ ಹೇಳ್ಕೊಂಡೆ.”

ಬೂದಿ ಮೇಡಂ ಬೀದಿಯ ಕಲ್ಲುಹಾಸನ್ನು ನೋಡುತ್ತ ನಡೆದರು. ಯಾವ ಬೂದಿಯ ರಾಶಿಯಲ್ಲೂ ಅವರಿಗೆ ಇಷ್ಟು ಸಣ್ಣ ಕಾರಣ ಸಿಕ್ಕಿರಲಿಲ್ಲ. ಒಂದು ಓಟ ರದ್ದಾಗಬಾರದು ಎಂದು ಒಬ್ಬ ಮನುಷ್ಯ ಸತ್ತಿದ್ದ.

ಡಬ್ಬಿ ಬಂತು. ಲಕೋಟೆಯನ್ನು ಅದರ ಬಾಯಿಗೆ ಹಿಡಿದರು. ಅರ್ಧ ಒಳಗೆ, ಅರ್ಧ ಹೊರಗೆ.

“ಇದರಲ್ಲಿ ನಿನ್ನ ವಿಷಯ ಬರೆದಿದ್ದೀನಿ,” ಎಂದರು.

“ಬರೆದಿರ್ತೀಯ ಅಂತ ಗೊತ್ತು. ನೀನು ಬರೀದೆ ಇದ್ರೆ ನೀನಾಗ್ತಿರ್ಲಿಲ್ಲ.” ಮಗ ನಗಲು ನೋಡಿದ. ತುಟಿ ಒಪ್ಪಲಿಲ್ಲ. “ಹಾಕು. ಚಾರ್ಜರ್ ಇಟ್ಟಿದ್ದು ನಾನು. ಓಡಿ ಹೋಗ್ದೆ ನಿಂತಿದ್ದು ನಾನು. ಅಜ್ಜ ಒಳಗೆ ಮಲಗಿದ್ದು ನೋಡ್ದೆ ಬಂದಿದ್ದೂ ನಾನೇ. ಎಲ್ಲಾನೂ ಒಪ್ಕೋತೀನಿ. ಆದ್ರೆ ಅಮ್ಮ...”

ಹಿಂದೆ, ಮನೆಯ ಗೇಟಿನ ಬಳಿ, ಡಾಕ್ಟ್ರ ಕಾರು ಬಂದು ನಿಂತಿತು. ಹಾರ್ನು ಮೃದುವಾಗಿ ಒಮ್ಮೆ ಕೂಗಿತು. ಮಗ ಆ ಕಡೆ ನೋಡಿದ. ಅವನ ಮುಖದ ರಕ್ತವೆಲ್ಲ ಬಸಿದು ಹೋದಂತೆ ಕಂಡಿತು.

“ಆದ್ರೆ ಚಿಲಕ ಹಾಕಿದ್ದು ನಾನಲ್ಲ. ನಾನು ಬಾಗಿಲು ಎಳ್ಕೊಂಡು ಬಂದೆ ಅಷ್ಟೇ. ಓಡಿ ವಾಪಸ್ ಬರೋನು ಚಿಲಕ ಯಾಕೆ ಹಾಕ್ಲಿ? ಅಲ್ಲಿಗೆ ಬಂದು ನೋಡಿದಾಗ ಯಾರೋ ಹಾಕಿದ್ರು. ಕಬ್ಬಿಣ ಕಾದುಹೋಗಿತ್ತು, ಕೈ ಇಡಕ್ಕಾಗ್ಲಿಲ್ಲ. ಒಳಗಿಂದ ಅಜ್ಜ ತಟ್ತಾ ಇದ್ದ.”

ಬಲಗೈ ಮುಂದೆ ಚಾಚಿದ. ಅಂಗೈಗೆ ಅಡ್ಡಲಾಗಿ ಒಂದು ಹಳೆಯ ಸುಟ್ಟ ಗಾಯದ ಪಟ್ಟಿ. ಬೆಸುಗೆ ಹಾಕುವಾಗ ತಾಗಿತು ಎಂದು ಆಗ ಹೇಳಿದ್ದ. ಬೂದಿ ಮೇಡಂ ಆಗ ಮುಲಾಮು ಹಚ್ಚಿದ್ದರು, ಇನ್ನೇನೂ ಕೇಳಿರಲಿಲ್ಲ.

“ಈ ಕಾಗದ ಹೋದ್ರೆ ಮಾವ ಹೊರಗೆ ಬರ್ತಾರೆ. ನಾನು ಒಳಗೆ ಹೋಗ್ತೀನಿ, ಹೋಗ್ಲಿ. ಚಿಲಕ ಹಾಕಿದೋರು ಮಾತ್ರ ಹೊರಗೇ ಇರ್ತಾರೆ.” ಮಗ ತಾಯಿಯ ಮುಖವನ್ನೇ ನೋಡುತ್ತಿದ್ದ. “ನಂಬ್ತೀಯಾ ಅಮ್ಮ?”

ಹಾರ್ನು ಇನ್ನೊಮ್ಮೆ ಕೂಗಿತು.

ಇದೇ ಮಾತನ್ನು ಕೇಳಿ ಇನ್ನೊಬ್ಬ ಕಂಬಿಗಳ ಹಿಂದೆ ಕಾಯುತ್ತಿದ್ದ. ಅವನಿಗೆ ಒಂದು ಉತ್ತರ ಕೊಡಲು ಬೂದಿ ಮೇಡಂಗೆ ಒಂದು ಇಡೀ ಬೇಸಿಗೆ ಬೇಕಾಗಿತ್ತು.

ಅವರು ಮಗನ ಅಂಗೈಯನ್ನು ನೋಡಿದರು. ಬೀದಿಯ ಆ ತುದಿಯಲ್ಲಿ ಕಾಯುತ್ತಿದ್ದ ಡಾಕ್ಟ್ರ ಕಾರನ್ನು ನೋಡಿದರು. ಕೈಯಲ್ಲಿ ಲಕೋಟೆಯ ಅಂಚು ಬೆವರಿಗೆ ಮೆತ್ತಗಾಗಿತ್ತು.

ಬೆರಳು ಬಿಟ್ಟರು. ಖಾಲಿ ಡಬ್ಬಿಯ ತಳಕ್ಕೆ ಕಾಗದ ಬಿದ್ದ ಸದ್ದು ಇಬ್ಬರಿಗೂ ಕೇಳಿಸಿತು.